ಎಡಗಡೆ ಚಾಸಿಗೆ ಒಂದು ಬೆರಳು ಜಾಸ್ತಿ

ಈಗಿನ ಹುಡುಗರು ವರ್ಕ್‌ಷಾಪ್ ಸೇರಿದ ದಿನವೇ ಖಾಕಿ ಅಂಗಿ ಹಾಕಿಕೊಂಡು, ಜೇಬಿನಲ್ಲಿ ಸ್ಪ್ಯಾನರ್ ಕಾಣುವ ಹಾಗೆ ಸಿಕ್ಕಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ ಬಿಡಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ. ಆದರೆ ಅವರು ನನ್ನ ಹತ್ತಿರ ಬಂದು, "ತಾತ, ನಿಮ್ಮ ಕಾಲದಲ್ಲಿ ವೆಲ್ಡಿಂಗ್ ಇರಲಿಲ್ಲ, ಲಿಫ್ಟ್ ಇರಲಿಲ್ಲ, ಹೆಂಗೆ ಕೆಲಸ ಮಾಡ್ತಿದ್ರಿ?" ಅಂತ ಕೇಳಿದಾಗ ಮಾತ್ರ ನನಗೆ ನಗು ತಡೆಯೋಕಾಗೋಲ್ಲ. ಹೆಂಗೆ ಮಾಡ್ತಿದ್ವಿ ಅಂದರೆ ತಪ್ಪು ತಪ್ಪಾಗಿ ಮಾಡ್ತಿದ್ವಿ ಕಣ್ರಪ್ಪಾ! ಬಹಳ ಶ್ರದ್ಧೆಯಿಂದ ತಪ್ಪು ಮಾಡ್ತಿದ್ವಿ. ಅದನ್ನೇ ಇಲ್ಲಿ ಬರೆಯೋಣ ಅಂತ ಕೂತಿದ್ದೀನಿ.

ಮಹಾರಾಜರ ಕಾಲ. ಮಧುಗಿರಿಯಲ್ಲಿ ಮೋಟಾರು ರಿಪೇರಿ ಅಂದರೆ ಸಂತೆಬೀದಿಯ ಕೊನೆಗೆ, ಕೋಟೆ ಬೆಟ್ಟದ ನೆರಳು ಬೀಳುವ ಜಾಗದಲ್ಲಿ ಒಂದು ತಗಡಿನ ಚಪ್ಪರ. ಚಪ್ಪರದ ಒಂದು ಪಕ್ಕದಲ್ಲಿ ಮೋಟಾರು, ಇನ್ನೊಂದು ಪಕ್ಕದಲ್ಲಿ ನೇಗಿಲ ಗುಳ, ಎತ್ತಿನ ಲಾಳ. ಯಜಮಾನರು ನಂಜಾಚಾರಿ ಮೇಸ್ತ್ರಿ. ಮೊದಲು ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಾ ಕಟ್ಟುತ್ತಿದ್ದ ಕಮ್ಮಾರರು. ಊರಿಗೆ ಮೋಟಾರು ಬಂದ ಮೇಲೆ ಅದಕ್ಕೂ ಕೈ ಹಾಕಿದರು. ಕಾರ್ಬುರೇಟರಿಗೆ ಗಂಟಲು ಅನ್ನೋರು, ರೇಡಿಯೇಟರಿಗೆ ಹಂಡೆ ಅನ್ನೋರು, ಆಕ್ಸಲಿಗೆ ಅಚ್ಚು. ಗೇರ್‌ಬಾಕ್ಸಿಗೆ ಮಾತ್ರ ಹೆಸರೇ ಇಡಲಿಲ್ಲ. "ಅದನ್ನ ಮುಟ್ಬ್ಯಾಡ ಕಣ್ಲಾ ರಂಗ, ಅದು ನಮ್ಮ ಕೈಲಿ ಆಗಾಕಿಲ್ಲ" ಅಂದುಬಿಡೋರು. ಹಾಗಾಗಿ ನಮ್ಮ ಚಪ್ಪರಕ್ಕೆ ಬಂದ ಯಾವ ಗಾಡಿಯ ಗೇರ್‌ಬಾಕ್ಸೂ ಕೆಡಲಿಲ್ಲ. ಬಾಕಿ ಎಲ್ಲಾ ಕೆಟ್ಟವು.

ಒಂದು ಸಲ ಪಾವಗಡದ ಕಡೆಯಿಂದ ಬರುತ್ತಿದ್ದ ಒಬ್ಬ ದೊಡ್ಡ ಅಧಿಕಾರಿಗಳ ಮೋಟಾರು ನಮ್ಮ ಚಪ್ಪರದ ಎದುರಿಗೇ ಬಂದು ನಿಂತುಬಿಟ್ಟಿತು. ಹ್ಯಾಂಡಲ್ ಹಾಕಿ ತಿರುಗಿಸಿದರೆ ಗುರ್ರ್ ಅನ್ನುತ್ತೆ, ಹತ್ತೋಲ್ಲ. ಮೇಸ್ತ್ರಿ ಕಿವಿ ಹಚ್ಚಿ ಕೇಳಿದರು, ಮೂಸಿ ನೋಡಿದರು, "ಎದೆಯೊಳಗೆ ಏನೋ ಆಗೈತೆ" ಅಂತ ತೀರ್ಪು ಕೊಟ್ಟರು. ಇಂಜಿನ್ ಪೂರ್ತಿ ಬಿಚ್ಚಿ ಗೋಣಿತಾಟಿನ ಮೇಲೆ ಹರವಿದೆವು. ಸಾಹೇಬರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಎಳನೀರು ಕುಡಿಯುತ್ತಿದ್ದರು. ಎಲ್ಲ ಒರೆಸಿ, ಎಣ್ಣೆ ಹಚ್ಚಿ, ತಿರುಗಿ ಜೋಡಿಸಿ, ಬೆವರು ಒರೆಸಿಕೊಳ್ಳೋ ಹೊತ್ತಿಗೆ ಅವರ ದಫೇದಾರ ಕೇಳಿದ, "ಸಾಮಿ, ಇಲ್ಲಿ ಪೆಟ್ರೋಲ್ ಎಲ್ಲಿ ಸಿಗ್ತದೆ? ಬರೋವಾಗಲೇ ದಾರೀಲಿ ಮುಗೀತಾ ಬಂದಿತ್ತು." ಮೇಸ್ತ್ರಿ ಆ ದಫೇದಾರನನ್ನು ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಪೆಟ್ರೋಲ್ ಹಾಕಿದ ಮೇಲೆ ಗಾಡಿ ಹೊರಟಿತು, ನಮ್ಮ ಗೋಣಿತಾಟಿನ ಮೇಲೆ ಒಂದು ಹಿಡಿ ನಟ್ಟು ಬೋಲ್ಟು ಮಿಕ್ಕಿತು. ನಾನು ಹೆದರಿ ತೋರಿಸಿದೆ. "ಇಂಗ್ಲೆಂಡ್ ಸೀಮೆಯೋರು ಜಾಸ್ತಿ ಹಾಕಿ ಕಳ್ಸಿರ್ತಾರೆ ಕಣ್ಲಾ, ದಾರಿ ಖರ್ಚಿಗೆ" ಅಂದು ಡಬ್ಬಕ್ಕೆ ಹಾಕಿಕೊಂಡರು.

ಇಂಥ ಯಜಮಾನರ ಕೈಕೆಳಗೆ ನಾನು ಕಲಿತದ್ದು. ಇನ್ನು ನೀವೆಲ್ಲ ಪದೇ ಪದೇ ಕೇಳೋ ಆ ಚಾಸಿ ವಿಷಯಕ್ಕೆ ಬರ್ತೀನಿ.

ಹಳೇ ಮೋಟಾರುಗಳ ಕೆಳಗೆ ಏಣಿ ಮಲಗಿಸಿದ ಹಾಗೆ ಎರಡು ಉದ್ದ ಕಬ್ಬಿಣದ ಪಟ್ಟಿ ಇರುತ್ತಿದ್ದವು, ಎಡಗಡೆ ಒಂದು, ಬಲಗಡೆ ಒಂದು. ಅದೇ ಚಾಸಿ. ಇಂಜಿನ್ನು, ಸೀಟು, ಸ್ಪ್ರಿಂಗು, ಸಾಹುಕಾರರು, ಎಲ್ಲರ ಭಾರವನ್ನೂ ಹೊರೋದು ಆ ಎರಡು ಪಟ್ಟಿಗಳೇ. ಅವುಗಳ ಮುಂದಿನ ತುದಿಗೆ ಸ್ಪ್ರಿಂಗು ಕೂತಿರುತ್ತೆ, ಸ್ಪ್ರಿಂಗಿಗೆ ಮುಂದಿನ ಅಚ್ಚು. ಅಂದರೆ ಪಟ್ಟಿ ನೆಟ್ಟಗಿದ್ದರೆ ಚಕ್ರ ನೆಟ್ಟಗೆ. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ನಿಮಗೆ ಅರ್ಥ ಆಗುತ್ತೆ. ನಮಗೆ ಆಗ ಇಷ್ಟೂ ಗೊತ್ತಿರಲಿಲ್ಲ.

ಕೊರಟಗೆರೆಯ ಸಾಹುಕಾರ್ ಚನ್ನಬಸಪ್ಪನವರ ಹತ್ತಿರ ಒಂದು ಹಳೇ ಮೋಟಾರು ಇತ್ತು. ಮೇಲೆ ಬಟ್ಟೆಯ ಕಮಾನು, ಪಕ್ಕದಲ್ಲಿ ರಬ್ಬರಿನ ಹಾರನ್ನು. ಅದನ್ನು ಓಡಿಸುತ್ತಿದ್ದವನು ಸಿರಾದ ಇಮಾಮ್ ಸಾಬಿ. ಮೊದಲು ಜಟಕಾ ಹೊಡೀತಿದ್ದ. ಮೋಟಾರು ಬಂದಾಗ ಸಾಹುಕಾರರೇ ಅವನನ್ನು ಕರೆಸಿ, ಡ್ರೈವಿಂಗ್ ಕಲಿಸಿ, ಮೋಟಾರು ನಿಲ್ಲಿಸೋ ಕೊಟ್ಟಿಗೆಯ ಪಕ್ಕದಲ್ಲೇ ಒಂದು ಕೋಣೆ ಕೊಟ್ಟಿದ್ದರು. ಅವನು ಆ ಗಾಡಿಯನ್ನು ದಿನಾ ಬೆಳಿಗ್ಗೆ ಒರೆಸೋದನ್ನು ನೋಡಬೇಕಿತ್ತು. ಕುದುರೆಗೆ ಮಾಲೀಸು ಮಾಡಿದ ಹಾಗೆ, ಮಾತಾಡಿಸಿಕೊಂಡು ಒರೆಸೋನು.

ಒಂದು ದಿನ ಆ ಗಾಡಿ ನಮ್ಮ ಚಪ್ಪರಕ್ಕೆ ಎರಡು ಜೊತೆ ಎತ್ತು ಕಟ್ಟಿಸಿಕೊಂಡು ಬಂತು. ಇಮಾಮ್ ಸಾಬಿ ಸ್ಟೀರಿಂಗ್ ಹಿಡಿದು ಗಂಭೀರವಾಗಿ ಕೂತಿದ್ದಾನೆ, ಎತ್ತು ನಿಧಾನ ಆದರೆ ಹಾರನ್ ಹೊಡೀತಿದ್ದಾನೆ. ಹಿಂದೆ ಕಮಾನು ಗಾಡಿಯಲ್ಲಿ ಸಾಹುಕಾರರು, ಅವರ ಪಕ್ಕದಲ್ಲಿ ಅವರ ಹೆಂಡತಿ ಗುರುಸಿದ್ದಮ್ಮನವರು. ಆ ಅಮ್ಮನವರ ಮುಖ ನೋಡಿದ ತಕ್ಷಣ ಮೇಸ್ತ್ರಿ ಎದ್ದು ನಿಂತು ಬೀಡಿ ಆರಿಸಿದರು.

"ಏನಾಯ್ತು?" ಅಂದೆ.

"ಹೊಳವನಹಳ್ಳಿ ಸಂತೆ ಮಾಳದಾಗೆ ಕೋಳಿ ಅಡ್ಡ ಬಂತು ರಂಗಣ್ಣ," ಅಂದ ಇಮಾಮ್ ಸಾಬಿ. "ಹಿಂದೆ ಮರಿ ಬೇರೆ. ತಾಯಿ ಕೋಳಿ ಅಣ್ಣ, ಹೆಂಗೆ ಹತ್ತಿಸ್ಲಿ? ಎಡಕ್ಕೆ ತಿರುಗಿಸ್ದೆ. ಅಲ್ಲಿ ದನ ಮೈ ಉಜ್ಜೋ ಕಲ್ಲುಕಂಬ ಇತ್ತು."

"ಕೋಳಿ?"

"ಕೋಳಿ ಖುಷಿಯಾಗೈತೆ."

"ಕೇಳಿದ್ರಾ ಮೇಸ್ತ್ರಿ?" ಅಮ್ಮನವರು ಗಾಡಿಯಿಂದಲೇ ಕೂಗಿದರು. "ನಾವು ತಿನ್ನದ ಕೋಳಿಗೋಸ್ಕರ ನಮ್ಮ ಮೋಟಾರು ಮುರಿದವ್ನೆ! ಇವರ ಪೇಟ ಹಾರಿ ಆ ಕಂಬದ ತಲೆ ಮ್ಯಾಲೆ ಕೂತ್ಕಂತು. ಸಂತೆ ಜನವೆಲ್ಲ ಕಂಬಕ್ಕೆ ಕೈ ಮುಗಿದ್ರು. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸ್ತು."

ಸಾಹುಕಾರರು ತಲೆ ಸವರಿಕೊಂಡು, "ಹೋಗ್ಲಿ ಬುಡು ಗುರುಸಿದ್ದಿ" ಅಂದರು.

"ಏನ್ ಹೋಗ್ಲಿ? ನಾನಂದ್ರೆ ಅಂದಂಗೆ. ಮೇಸ್ತ್ರಿ ಇದನ್ನ ಸರಿ ಮಾಡ್ಲಿ. ಮಾಡಿದ ಮ್ಯಾಲೆ ನಾನೇ ಇಲ್ಲಿಂದ ಕೊರಟಗೆರೆವರೆಗೆ ಕೂತು ಬತ್ತೀನಿ. ಗಾಡಿ ನೆಟ್ಟಗೆ ಮನೆ ಮುಂದೆ ನಿಂತ್ರೆ ಸರಿ. ದಾರೀಲಿ ಒಂದು ಚೂರು ಎಡವಟ್ಟಾದ್ರೂ, ಇಮಾಮ ಮೋಟಾರು ಕೊಟ್ಟಿಗೆ ಬೀಗದಕೈ ನನ್ನ ಕೈಗೆ ಕೊಟ್ಟು ಸಿರಾಕ್ಕೆ ಹೊರಡ್ಲಿ. ಮೋಟಾರು ಗುಜರಿಗೆ. ನಾವು ಎತ್ತಿನ ಗಾಡೀಲೇ ಓಡಾಡಾನ."

ಬೀಗದಕೈ ಇಮಾಮ್ ಸಾಬಿಯ ಸೊಂಟದ ದಾರದಲ್ಲಿ ಇತ್ತು. ಅದನ್ನು ಒಂದು ಸಲ ಮುಟ್ಟಿ ನೋಡಿಕೊಂಡ, ಅಷ್ಟೇ.

ಎಡಗಡೆ ಪಟ್ಟಿಯ ಮುಂಭಾಗ ಹಪ್ಪಳ ಮುರುಟಿದ ಹಾಗೆ ಮುರುಟಿಕೊಂಡಿತ್ತು. ಮೇಸ್ತ್ರಿ, "ಕಾಯಿಸಿ ಬಡಿದ್ರೆ ನೆಟ್ಟಗಾಗ್ತದೆ" ಅಂದರು. ತಿದಿ ಒತ್ತಿ ಒತ್ತಿ ನನ್ನ ತೋಳು ಬಿದ್ದುಹೋಯಿತು. ಕೆಂಪಗೆ ಕಾದ ಮೇಲೆ ಸುತ್ತಿಗೆ ಎತ್ತಿ ಒಂದು ಏಟು ಹಾಕಿದರು ನೋಡಿ, ಪಟ್ಟಿ ಎರಡು ತುಂಡು. ಮೇಸ್ತ್ರಿ ಸ್ವಲ್ಪ ಹೊತ್ತು ಆ ತುಂಡುಗಳನ್ನೇ ನೋಡುತ್ತಾ, "ಈಗ ನೆಟ್ಟಗೈತೆ ನೋಡು, ಎರಡೂ ನೆಟ್ಟಗೈತೆ" ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಹೊಸ ಪಟ್ಟಿಯೇ ಬೇಕು. ಅದು ಯುದ್ಧದ ಕಾಲ. ಸೀಮೆಯಿಂದ ಸಾಮಾನು ಬರೋದಿರಲಿ, ಬೆಂಗಳೂರಲ್ಲೇ ಒಂದು ಬೋಲ್ಟಿಗೆ ಪರದಾಟ. ಆಗ ಇಮಾಮ್ ಸಾಬಿಗೇ ಜ್ಞಾಪಕ ಬಂತು. ಅವರ ಊರ ಹತ್ತಿರದ ಮದಲೂರಲ್ಲಿ ಹಿಂದೆ ಒಂದು ಬಸ್ಸು ಕೆರೆ ಕಾಲುವೆಗೆ ಬಿದ್ದಿತ್ತು. ಬಸ್ಸಿನವರು ಇಂಜಿನ್ನು, ಸೀಟು, ಚಕ್ರ ಎಲ್ಲ ಕಿತ್ತುಕೊಂಡು ಹೋದರು. ಉಳಿದ ಚಾಸಿಯನ್ನು ಊರವರು ಕಾಲುವೆಗೆ ಅಡ್ಡ ಹಾಕಿ ಕಾಲುಸೇತುವೆ ಮಾಡಿಕೊಂಡಿದ್ದರು.

ನಾನು, ಇಮಾಮ್ ಸಾಬಿ ಗಾಡಿ ಕಟ್ಟಿಕೊಂಡು ಮದಲೂರಿಗೆ ಹೋದೆವು. ಚಾಸಿ ಇತ್ತು. ಅದರ ಮೇಲೆ ಒಬ್ಬ ಅಜ್ಜಿ ಕೂತು ಬಟ್ಟೆ ಸೆಣೆದು ಒಗೆಯುತ್ತಿತ್ತು.

"ಅಜ್ಜಿ, ಒಂಚೂರು ಎದ್ದೇಳು, ಈ ಕಬ್ಬಿಣ ಬೇಕಾಗೈತೆ" ಅಂದೆ.

"ಯಾಕ್ಲಾ?"

"ಮೋಟಾರಿಗೆ ಹಾಕ್ಬೇಕು."

"ಮೋಟಾರಿಂದ ಬಂದಿದ್ದನ್ನ ಮೋಟಾರಿಗೆ ಹಾಕ್ತೀಯಾ? ಆಮ್ಯಾಕೆ ಅದೂ ಬಂದು ಇದೇ ಕಾಲುವೆಗೆ ಬೀಳ್ತದೆ. ಬುಡು, ಇಲ್ಲೇ ಇರ್ಲಿ."

ಇಮಾಮ್ ಸಾಬಿ ಕಾಲುವೆಗೆ ಇಳಿದು ಅಜ್ಜಿಯ ಬಟ್ಟೆಯನ್ನೆಲ್ಲ ತಾನೇ ಒಗೆದು, ಹಿಂಡಿ, ಬೇಲಿ ಮೇಲೆ ಹರವಿದ. ಅಜ್ಜಿಯ ಮನಸ್ಸು ಕರಗಿತು. ಊರ ಗೌಡರು, "ಕಬ್ಬಿಣ ತಗಳ್ಳಿ, ಬದಲಿಗೆ ಮರದ ದಿಮ್ಮಿ ಹಾಕಿಕೊಡಿ" ಅಂದರು. ಹುಣಸೆ ದಿಮ್ಮಿ ಎರಡು ಅಡ್ಡ ಹಾಕಿ, ಚಾಸಿಯ ಒಂದು ಪಟ್ಟಿ ಕಳಚಿ ಹೇರಿಕೊಂಡು ಹೊರಟೆವು. ಅಜ್ಜಿ ಹಿಂದಿನಿಂದ ಕೂಗಿತು, "ಲೇ ಸಾಬಿ, ಮುಂದಿನ ವಾರನೂ ಬಾರೋ!"

ಬಸ್ಸಿನ ಪಟ್ಟಿ ದಪ್ಪ, ಗಟ್ಟಿ. ಬೇಕಾದಷ್ಟು ಉದ್ದ ಕತ್ತರಿಸಿ, ಹಳೇ ಪಟ್ಟಿಯ ಚೆನ್ನಾಗಿರೋ ಭಾಗದ ಮೇಲೆ ಕೂರಿಸಿ ರಿವೆಟ್ ಹೊಡೆದರೆ ಆಯಿತು. ಮೇಸ್ತ್ರಿ ಸುಣ್ಣದಲ್ಲಿ ಗುರುತು ಹಾಕಿದರು. ನಾನು ಉಳಿ ಹಿಡಿದು ಕೂತೆ. ಅಷ್ಟು ಹೊತ್ತಿಗೆ ಸಾಹುಕಾರರು, ಗುರುಸಿದ್ದಮ್ಮನವರು ಮತ್ತೆ ಬಂದರು. ಜೊತೆಗೆ ಇನ್ನೊಬ್ಬರನ್ನು ಕರೆತಂದಿದ್ದರು.

ವೈ.ಎನ್.ಹೊಸಕೋಟೆಯ ಓಬಳಪ್ಪ. ಎತ್ತಿನ ಗಾಡಿ ಮಾಡೋ ಬಡಗಿ, ಮಾತು ಅರ್ಧ ತೆಲುಗು. ಆ ಕಡೆ ಮನೆ ಕಟ್ಟಲಿ, ಬಾವಿ ತೋಡಲಿ, ಗಾಡಿ ಮಾಡಲಿ, ಆಯ ನೋಡದೆ ಯಾರೂ ಕೈ ಹಾಕುತ್ತಿರಲಿಲ್ಲ. ಆಯ ಅಂದರೆ ಇಷ್ಟೇ: ಯಜಮಾನನ ಬೆರಳಿನ ಅಗಲದಿಂದ ಉದ್ದ ಅಳೀಬೇಕು, ಎಂಟೆಂಟಾಗಿ ಕಳೀಬೇಕು, ಕೊನೆಗೆ ಎಷ್ಟು ಉಳಿಯುತ್ತೋ ಅದರ ಮೇಲೆ ಒಳ್ಳೇದು ಕೆಟ್ಟದ್ದು. ಐದು ಉಳಿದರೆ ವೃಷಭಾಯ, ಬಹಳ ಒಳ್ಳೇದು. ನಾಲ್ಕು ಉಳಿದರೆ ಶ್ವಾನಾಯ, ನಾಯಿ. ಅಮ್ಮನವರ ತವರಿನ ಗಾಡಿಗಳನ್ನೆಲ್ಲ ಓಬಳಪ್ಪನೇ ಮಾಡಿದ್ದಂತೆ, ಒಂದೂ ಮಗುಚಿರಲಿಲ್ಲವಂತೆ.

"ಇಷ್ಟು ದೊಡ್ಡ ಪಟ್ಟಿ ಕತ್ತರಿಸಾಕೆ ಕೂತಿದ್ದೀರಲ್ಲ, ಆಯ ನೋಡಿದ್ರಾ?" ಅಂತ ಅಮ್ಮನವರು ಕೇಳಿದಾಗ ಮೇಸ್ತ್ರಿಯ ಮುಖ ಸಣ್ಣದಾಯಿತು. ಅವರೂ ಆಚಾರಿಗಳೇ. "ಅಯ್ಯೋ, ಮರ್ತೇಬುಟ್ಟೆ ಕಣಮ್ಮ" ಅಂದರು.

ಮೊದಲು ಮುರಿದ ಪಟ್ಟಿಯ ಆಯ ನೋಡಬೇಕು ಅಂತಾಯಿತು. ಎರಡು ತುಂಡನ್ನೂ ನೆಲದ ಮೇಲೆ ಜೋಡಿಸಿ, ಮುರುಟಿದ್ದನ್ನು ದಾರ ಹಿಡಿದು ನೆಟ್ಟಗೆ ಲೆಕ್ಕ ಹಾಕಿ, ಯಜಮಾನರ ಬೆರಳಿನಿಂದ ಅಳೆಯೋದು. ಸಾಹುಕಾರರ ಬೆರಳು ಒಂದೊಂದೂ ಬಾಳೆಕಾಯಿ ಬಜ್ಜಿಯಷ್ಟು ದಪ್ಪ. ಅವರು ಪಂಚೆ ಎತ್ತಿಕಟ್ಟಿ, ಉಸ್ಸಪ್ಪಾ ಅಂತ ಕುಕ್ಕರಗಾಲಲ್ಲಿ ಕೂತು, ಬೆರಳು ಇಟ್ಟುಕೊಂಡು ಹೋದರು. ಅರ್ಧ ದಾರಿಯಲ್ಲಿ ಸೀನು ಬಂತು, ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ. ಕೊನೆ ಮುಟ್ಟೋ ಹೊತ್ತಿಗೆ ಹಿಂದಕ್ಕೆ ಉರುಳಿಬಿದ್ದರು, ನಾವು ಎತ್ತಿದೆವು. ಮತ್ತೆ ಮೊದಲಿಂದ. ಅಂತೂ ಮುಗೀತು. ನಾಲ್ಕು ಉಳಿಯಿತು.

"ಚೂಡಮ್ಮಾ!" ಓಬಳಪ್ಪ ತೊಡೆ ತಟ್ಟಿದ. "ಕುಕ್ಕ ಆಯ! ನಾಯಿ ಕಣಮ್ಮ ಇದು. ನಾಯಿಗೆ ಕಂಬ ಕಂಡ್ರೆ ಏನ್ ಮಾಡ್ತೈತೆ? ಅದಕ್ಕೇ ನೆಟ್ಟಗೆ ಕಂಬದ ಕಡೆ ಹೋಗೈತೆ. ಅಂತೇ, ಅಷ್ಟೇ!"

ನಿಜ ಹೇಳ್ತೀನಿ, ನನಗೂ ಅದು ಸರಿ ಅನ್ನಿಸಿತು. ಇಮಾಮ್ ಸಾಬಿಯಂತೂ ಎದ್ದು ನಿಂತ. "ನೋಡಿ ಅಮ್ಮಾರೆ, ನಂದು ತಪ್ಪಿಲ್ಲ, ನಾಯಿದು" ಅಂದ.

"ಸುಮ್ಕಿರೋ, ಕೋಳಿ ಅಂದೋನು ನೀನೇ" ಅಂದರು ಅಮ್ಮನವರು. "ಓಬಳಪ್ಪ, ಹೊಸದಕ್ಕೆ ವೃಷಭಾಯ ಹಾಕ್ಸು. ನಮ್ಮ ಬಸವಣ್ಣನ ಆಯ."

ಅಂದರೆ ಒಂದು ಬೆರಳು ಜಾಸ್ತಿ. ಸಾಹುಕಾರರ ಬೆರಳು.

ನಾನು ಉಳಿ ಕೆಳಗಿಟ್ಟು, "ಆ ಕಡೆ ಪಟ್ಟಿ? ಬಲಗಡೇದು? ಅದು ಹಳೇ ಉದ್ದನೇ ಐತಲ್ಲ" ಅಂದೆ.

ಓಬಳಪ್ಪ ನನ್ನ ಕಡೆ ಕರುಣೆಯಿಂದ ನೋಡಿದ. "ಅದು ಸೀಮೆ ಪಟ್ಟಿ ಅಬ್ಬಾಯಿ. ಸೀಮೆಯೋರು ಮಾಡಿದ್ದಕ್ಕೆ ಸೀಮೆ ಆಯ. ಅದನ್ನ ನಾವು ಮುಟ್ಟಬಾರ್ದು. ನಾವು ಮಾಡಿದ್ದಕ್ಕೆ ನಮ್ಮ ಆಯ."

"ಸರಿಯಾದ ಮಾತು" ಅಂದರು ಮೇಸ್ತ್ರಿ.

"ನ್ಯಾಯವಾದ ಮಾತು" ಅಂದರು ಸಾಹುಕಾರರು.

ಮುರಿದ ಪಟ್ಟಿಯೂ ಸೀಮೆದೇ ಅಲ್ಲವಾ, ಅದಕ್ಕೆ ನಮ್ಮ ನಾಯಿ ಹೆಂಗೆ ಬಂತು ಅಂತ ಯಾರೂ ಕೇಳಲಿಲ್ಲ. ಎತ್ತಿನ ಗಾಡಿಯಲ್ಲಿ ಎರಡು ಕಡೆಯೂ ಒಟ್ಟಿಗೇ ಹೊಸದಾಗಿ ಮಾಡ್ತಾರೆ, ಎರಡಕ್ಕೂ ಒಂದೇ ಆಯ, ಆದ್ದರಿಂದ ಗಾಡಿ ನೆಟ್ಟಗೆ ಹೋಗುತ್ತೆ. ಇಷ್ಟು ಸಣ್ಣ ವಿಷಯ ಅಷ್ಟು ಜನರಲ್ಲಿ ಒಬ್ಬನ ತಲೆಗೂ ಹೊಳೆಯಲಿಲ್ಲ. ಉದ್ದ ಬಿಟ್ಟು ಕತ್ತರಿಸಿದೆ, ತೂತು ಹೊಡೆದೆ, ಕೆಂಡದಲ್ಲಿ ರಿವೆಟ್ ಕಾಯಿಸಿ ಕೊಟ್ಟೆ, ಮೇಸ್ತ್ರಿ ಬಡಿದರು. ಕೆಲಸ ಮಾತ್ರ ಉಕ್ಕಿನ ಹಾಗೆ ಆಗಿತ್ತು, ಆ ಪಟ್ಟಿಯನ್ನು ಆನೆ ಎಳೆದರೂ ಕೀಳೋಕೆ ಆಗ್ತಿರಲಿಲ್ಲ. ಸ್ಪ್ರಿಂಗೂ ಅದರ ಜೊತೆ ಒಂದು ಬೆರಳು ಮುಂದೆ ಹೋಗಿ ಕೂತಿತು. ಬಾನೆಟ್ ಮುಚ್ಚೋಕೆ ಹೋದರೆ ಮುಚ್ಚಲಿಲ್ಲ. "ಹೊಸ ಎಕ್ಕಡ ಮೊದ್ಲು ಕಚ್ಚಲ್ವಾ, ಅಂಗೆ" ಅಂತ ಮೇಸ್ತ್ರಿ ಅದನ್ನು ಹುರಿಹಗ್ಗದಲ್ಲಿ ಬಿಗಿದು ಕಟ್ಟಿದರು.

ಮಾರನೇ ದಿನ ಅಮ್ಮನವರು ಬರೋದು ಅಂತ ನಿಶ್ಚಯ ಆಗಿತ್ತು. ಅದರ ಹಿಂದಿನ ದಿನ ಮಧ್ಯಾಹ್ನ ಇಮಾಮ್ ಸಾಬಿ ಗಾಡಿ ಹತ್ತಿಸಿ ಬೀದಿಗೆ ಇಳಿಸಿದ. ಗಾಡಿ ಹೊರಟಿತು. ಹೊರಟಿದ್ದೇ ಬಲಕ್ಕೆ ವಾಲಿಕೊಂಡು, ಎದುರಿನ ರಾಗಿ ಅಂಗಡಿಯ ಮೂಟೆಗಳ ನಡುವೆ ಮೂಗು ತೂರಿಸಿ ನಿಂತಿತು. ಅಂಗಡಿಯವನು, "ಏನ್ ಬೇಕು ಸಾಬ್ರೇ?" ಅಂದ. ಮತ್ತೆ ಹಿಂದಕ್ಕೆ ತಂದು ಬಿಟ್ಟರೆ, ಮತ್ತೆ ರಾಗಿ ಅಂಗಡಿ. ಆಗ ಗೊತ್ತಾಯಿತು ನಮಗೆ. ಎಡಚಕ್ರ ಮುಂದೆ, ಬಲಚಕ್ರ ಹಿಂದೆ, ಅಚ್ಚು ವಾರೆ. ಗಾಡಿಗೆ ಬಲಗಡೆ ಬಿಟ್ಟು ಬೇರೆ ದಿಕ್ಕೇ ಗೊತ್ತಿಲ್ಲ.

ನಾನು ಮೇಸ್ತ್ರಿ ಕಡೆ ನೋಡಿದೆ. "ಬಿಚ್ಚಿ ಮತ್ತೆ ಹಾಕ್ಬೇಕು ಅಂದ್ರೆ ವಾರ ಹಿಡೀತದೆ. ಅಮ್ಮಾರಿಗೆ ಹೇಳಾರು ಯಾರು? ನೀ ಹೇಳ್ತೀಯಾ?" ಅಂದರು.

ನಾನು ಹೇಳಲಿಲ್ಲ. ಇಮಾಮ್ ಸಾಬಿ ಚಪ್ಪರದ ಕಂಬಕ್ಕೆ ಒರಗಿ ಕೂತುಬಿಟ್ಟ. "ಕುದುರೆ ಮಾರ್ಬುಟ್ಟೆ ರಂಗಣ್ಣ," ಅಂದ. "ಸಿರಾದಾಗೆ ನಮ್ಮೋರೆಲ್ಲ ನಕ್ಕಿದ್ರು, ಮೋಟಾರ್ ನಂಬ್ಕೊಂಡು ಹೋಗ್ತಾನೆ ನೋಡು ಅಂತ. ಈಗ ಯಾವ ಮುಖ ಹೊತ್ಕೊಂಡು ಹೋಗ್ಲಿ? ಈ ಚಕ್ರ ಹಿಡಿಯೋದು ಬುಟ್ರೆ ಈ ಕೈಗೆ ಬೇರೆ ಏನೂ ಬರಾಕಿಲ್ಲ." ನಾನು ಒಂದು ಲೋಟ ಟೀ ತರಿಸಿಕೊಟ್ಟೆ. ಟೀ ಕುಡಿದು ಎದ್ದ. "ಗಾಡಿ ಬಲಕ್ಕೆ ಎಳೆದ್ರೆ ನಾನು ಎಡಕ್ಕೆ ಎಳೀತೀನಿ. ನೋಡೇಬುಡಾನ, ಗೂಳಿ ಗೆಲ್ತದೋ ಇಮಾಮ್ ಗೆಲ್ತಾನೋ!"

ಬೆಳಿಗ್ಗೆ ಅಮ್ಮನವರು ಹಿಂದಿನ ಸೀಟಿನಲ್ಲಿ ಕೂತರು, ಸಾಹುಕಾರರು ಮುಂದೆ ಎಡಗಡೆ. ನಾನು ಸುತ್ತಿಗೆ, ಹಗ್ಗ ಹಿಡಿದು ಫುಟ್‌ಬೋರ್ಡಿನ ಮೇಲೆ ನಿಂತೆ. ಮೇಸ್ತ್ರಿಗೆ ಇದ್ದಕ್ಕಿದ್ದ ಹಾಗೆ ಸೊಂಟನೋವು ಬಂದಿತ್ತು.

ಆ ಪ್ರಯಾಣ ನಾನು ಸತ್ತರೂ ಮರೆಯೋಲ್ಲ. ಇಮಾಮ್ ಸಾಬಿ ಸ್ಟೀರಿಂಗನ್ನು ಎರಡು ಕೈಯಲ್ಲೂ ಅಪ್ಪಿಕೊಂಡು ಎಡಕ್ಕೆ ಜಗ್ಗುತ್ತಾ ಜಗ್ಗುತ್ತಾ, ಕೊನೆಗೆ ಅವನ ತಲೆ ಸಾಹುಕಾರರ ಭುಜದ ಮೇಲೆ ಬಂದು ಕೂತಿತ್ತು.

"ಯಾಕೋ ಇಮಾಮ, ನಿದ್ದೆ ಬತ್ತದಾ?"

"ಇಲ್ಲ ಬುದ್ಧಿ, ಈ ಕಡೆ ಗಾಳಿ ಚೆನ್ನಾಗೈತೆ."

ಗಾಡಿಯ ಮೂಗು ಒಂದು ಕಡೆ, ಗಾಡಿ ಹೋಗೋದು ಇನ್ನೊಂದು ಕಡೆ. ಎದುರಿಗೆ ಬರೋರಿಗೆ ಯಾವ ಕಡೆ ಸರಿಯಬೇಕು ಅಂತ ತಿಳಿಯದೆ, ಒಬ್ಬ ರೈತ ಎಡಕ್ಕೆ ಹಾರಿದ, ಬಲಕ್ಕೆ ಹಾರಿದ, ಕೊನೆಗೆ ಮರ ಹತ್ತಿದ. ಅಮ್ಮನವರು ಎಲ್ಲ ನೋಡುತ್ತಿದ್ದರು, ಒಂದು ಮಾತೂ ಆಡಲಿಲ್ಲ. ಮಾತಾಡಿದ್ದರೆ ನನಗೆ ಅಷ್ಟು ಭಯ ಆಗುತ್ತಿರಲಿಲ್ಲ.

ಅಂತೂ ಕೊರಟಗೆರೆ ಬಂತು. ಊರ ಬಾಗಿಲಲ್ಲಿ ಒಂದು ಬಯಲು, ಬಯಲ ಮಧ್ಯೆ ಬಸವಣ್ಣನ ಗುಡಿ. ಗುಡಿಗೆ ಮುಂಚೆ ಎಡಕ್ಕೆ ತಿರುಗಿದರೆ ಸಾಹುಕಾರರ ಮನೆ ಬೀದಿ. ಇಮಾಮ್ ಸಾಬಿ ಎಡಕ್ಕೆ ತಿರುಗಿಸಿದ. ಗಾಡಿ ತಿರುಗಲಿಲ್ಲ. ಇಷ್ಟು ದೂರ ಜಗ್ಗಿ ಅವನ ಕೈಯಲ್ಲಿ ಕಸುವೇ ಇರಲಿಲ್ಲ. ಬ್ರೇಕು ಹಾಕಿ ನಿಲ್ಲಿಸಿದರೆ ಸೋತ ಹಾಗೆ. ಬೇರೆ ದಾರಿ ಕಾಣದೆ ಸ್ಟೀರಿಂಗ್ ಸಡಿಲ ಬಿಟ್ಟ. ಗಾಡಿ ಹಾಯಾಗಿ ಬಲಕ್ಕೆ ಹೊರಳಿ ಗುಡಿಯನ್ನು ಬಳಸಿಕೊಂಡು ಹೊರಟಿತು. ಒಂದು ಸುತ್ತು ಬಂದರೆ ಬೀದಿಯ ಬಾಯಿ ನೇರ ಎದುರಿಗೆ ಸಿಗಬೇಕು, ಅದು ಅವನ ಲೆಕ್ಕ. ಮೊದಲ ಸುತ್ತಿನಲ್ಲಿ ತಪ್ಪಿತು. ಮತ್ತೆ ಹೊರಟಿತು ಗಾಡಿ.

ಸಾಹುಕಾರರು ಕಣ್ಣು ಬಿಟ್ಟು ಬಲಕ್ಕೆ ನೋಡಿದರು. ಬಸವಣ್ಣ. ಮತ್ತೆ ನೋಡಿದರು. ಬಸವಣ್ಣ. ಎರಡೂ ಕೈ ಎತ್ತಿ ಮುಗಿದರು. "ಗುರುಸಿದ್ದೀ! ಪ್ರದಕ್ಷಿಣೆ ಕಣೇ! ವೃಷಭಾಯ! ಮೋಟಾರು ಬಸವಣ್ಣನ್ನ ಗುರುತು ಹಿಡೀತು ನೋಡೇ!"

ಕಟ್ಟೆ ಮೇಲೆ ಕೂತಿದ್ದೋರೆಲ್ಲ ಎದ್ದು ಬಂದರು. ಪೂಜಾರಪ್ಪ ಗಂಟೆ ಹಿಡಿದು ಓಡಿ ಬಂದು ಬಾರಿಸತೊಡಗಿದರು. ಒಂದು ಕರು ಗಾಡಿಯ ಹಿಂದೆ ಬಾಲ ಎತ್ತಿಕೊಂಡು ಓಡತೊಡಗಿತು. ಎರಡನೇ ಸುತ್ತಿನಲ್ಲೂ ಬೀದಿ ತಪ್ಪಿತು. ಇಮಾಮ್ ಸಾಬಿಯ ಗಡ್ಡದಿಂದ ಬೆವರು ತೊಟ್ಟಿಕ್ಕುತ್ತಿತ್ತು. "ಯಾ ಅಲ್ಲಾ, ಯಾ ಬಸವಣ್ಣ" ಅಂತ ಇಬ್ಬರನ್ನೂ ಕರೆಯುತ್ತಿದ್ದ. ಮೂರನೇ ಸುತ್ತಿಗೆ ಬೀದಿ ಸಿಕ್ಕಿತು. ಗಾಡಿ ಒಳಗೆ ನುಗ್ಗಿ ಮನೆ ಮುಂದೆ ವಾರೆಯಾಗಿ ನಿಂತಿತು. ಹುರಿಹಗ್ಗ ಆಗಲೇ ಹರಿದದ್ದು. ಬಾನೆಟ್ ಬಾಯಿ ತೆರೆದುಕೊಂಡಿತು.

ಅಮ್ಮನವರು ಇಳಿದರು. ಗಾಡಿಯ ಮುಂದೆ ಹೋಗಿ ನಿಂತು ಒಂದು ಚಕ್ರ ನೋಡಿದರು, ಇನ್ನೊಂದು ಚಕ್ರ ನೋಡಿದರು. ಆಮೇಲೆ ಕೈ ನೀಡಿದರು. "ಬೀಗದಕೈ."

ಇಮಾಮ್ ಸಾಬಿ ಸೊಂಟದ ದಾರಕ್ಕೆ ಕೈ ಹಾಕಿದ. ಸ್ಟೀರಿಂಗ್ ಜಗ್ಗಿ ಜಗ್ಗಿ ಮರಗಟ್ಟಿದ ಬೆರಳಿಗೆ ಗಂಟು ಬಿಚ್ಚೋಕೆ ಬರಲಿಲ್ಲ. ನಾನೇ ಬಿಚ್ಚಿಕೊಟ್ಟೆ. ಅಮ್ಮನವರು ಬೀಗದಕೈ ತೆಗೆದುಕೊಂಡು ಒಳಗೆ ಹೋದರು. ಅವನು ಜಗಲಿ ಕಲ್ಲಿನ ಮೇಲೆ ಕೂತು ತಲೆ ಬಗ್ಗಿಸಿದ. ಸಾಹುಕಾರರಿಗೆ ಏನೂ ಅರ್ಥ ಆಗದೆ, "ಯಾಕೆ? ಮೂರು ಸುತ್ತು ಹಾಕ್ತಲ್ಲ?" ಅನ್ನುತ್ತಿದ್ದರು.

ಸ್ವಲ್ಪ ಹೊತ್ತಿಗೆ ಅಮ್ಮನವರು ಬಂದರು. ಬೀಗದಕೈಗೆ ವಿಭೂತಿ ಹಚ್ಚಿತ್ತು, ಹೊಸ ದಾರ ಪೋಣಿಸಿತ್ತು. ಅದನ್ನು ಇಮಾಮ್ ಸಾಬಿಯ ಅಂಗೈಯಲ್ಲಿ ಇಟ್ಟರು. "ಪ್ರದಕ್ಷಿಣೆ ಚೆನ್ನಾಗಿ ಹಾಕ್ಸಿದೆ. ಹೋಗು, ಕೈಗೆ ಬಿಸಿನೀರು ಹಾಕ್ಕ. ಊಟಕ್ಕೆ ಬಾ" ಅಂದರು. ಅವನು ಬೀಗದಕೈಯನ್ನು ಕಣ್ಣಿಗೆ ಒತ್ತಿಕೊಂಡು ಮಗುವಿನ ಹಾಗೆ ಅತ್ತುಬಿಟ್ಟ. ನಾನೂ ಆ ಕಡೆ ತಿರುಗಿಕೊಂಡೆ.

ನಾನು ಹೊರಡೋವಾಗ ಅಮ್ಮನವರು ನನ್ನನ್ನು ಕೊಟ್ಟಿಗೆ ಹಿಂದಕ್ಕೆ ಕರೆದರು.

"ಲೇ ರಂಗ, ಗಾಡಿ ವಾರೆ ಐತೆ ಅಂತ ನಂಗೆ ಕಾಣ್ಲಿಲ್ಲ ಅಂದ್ಕೊಂಡ್ಯಾ? ರಾಗಿ ಅಂಗಡಿ ದಾಟೋವಾಗ್ಲೇ ಕಂಡೆ."

"ಮತ್ತೆ ಅಮ್ಮಾರೆ..."

"ಬೆರಳು ಉದ್ದ ಹಾಕ್ಸಿದ್ದು ಯಾರು? ನಾನು. ನನ್ನ ಎಡವಟ್ಟಿಗೆ ಅವನ ಅನ್ನ ಕಿತ್ಕೊಳ್ಲಾ?" ಸೆರಗು ಸರಿ ಮಾಡಿಕೊಂಡರು. "ಅವರು ಊರಲ್ಲಿಲ್ಲದಾಗ ಸದ್ದಿಲ್ಲದಂಗೆ ಬಂದು ಆ ಬೆರಳು ಕತ್ತರಿಸಿ ಹೋಗು. ಆಯ ಹೋಯ್ತು ಅಂತ ಯಾರಿಗಾದ್ರೂ ಹೇಳಿದ್ಯೋ, ನಿನ್ನ ಬೆರಳು ಕತ್ತರಿಸ್ತೀನಿ."

ಹಾಗೇ ಮಾಡಿದೆ. ಈ ಸಲ ಎರಡು ಪಟ್ಟಿಯನ್ನೂ ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದು ಕೂರಿಸಿದೆ. ಅವತ್ತಿನಿಂದ ಇವತ್ತಿನವರೆಗೂ ದಾರ ಹಿಡಿಯದೆ ಯಾವ ಚಾಸಿಗೂ ನಾನು ಕೈ ಹಾಕಿಲ್ಲ. ನೀವೂ ಹಿಡೀರಿ, ಮಿಷನ್ನು ಎಷ್ಟೇ 'ಸರಿ ಇದೆ' ಅನ್ನಲಿ.

ಗಾಡಿ ಬಾಣದ ಹಾಗೆ ನೆಟ್ಟಗೆ ಓಡೋಕೆ ಶುರುವಾಯಿತು. ಆದರೆ ಮುಂದೆ ಒಂದು ದಿನ ನಾನು ಕೊರಟಗೆರೆಗೆ ಹೋದಾಗ ನೋಡ್ತೀನಿ, ಅದೇ ಮೋಟಾರು ಬಸವಣ್ಣನ ಗುಡಿ ಸುತ್ತ ಗಿರಗಿರ ತಿರುಗುತ್ತಿದೆ. ಒಳಗೆ ಸಾಹುಕಾರರು ಕಣ್ಣು ಮುಚ್ಚಿ ಕೈ ಮುಗಿದು ಕೂತಿದ್ದಾರೆ, ಹಿಂದೆ ಅಮ್ಮನವರು ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಾರೆ. ರಿವೆಟ್ ಏನಾದರೂ ಸಡಿಲ ಆಯಿತಾ ಅಂತ ಓಡಿ ಹೋದೆ. ಅವರಿಬ್ಬರೂ ಇಳಿದು ಮನೆ ಒಳಗೆ ಹೋಗೋವರೆಗೂ ಕಾದು, "ಏನೋ ಇಮಾಮ್, ಮತ್ತೆ ಬಲಕ್ಕೆ ಎಳೀತದಾ?" ಅಂದೆ.

"ಇಲ್ಲ ಅಣ್ಣ, ಬೆಣ್ಣೆ ಥರಾ ಓಡ್ತದೆ. ನಾನೇ ತಿರುಗ್ಸೋದು. ಸುತ್ತು ನಿಂತ್ರೆ ಸಾವ್ಕಾರ್ರು ಆಯ ಎಲ್ಲಿ ಹೋಯ್ತು ಅಂತ ಕೇಳ್ತಾರೆ, ಆಮ್ಯಾಕೆ ಅಮ್ಮಾರ ಮಾತು ಬಿದ್ದೋಗ್ತದೆ." ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ಅಮ್ಮಾರು ನನ್ನ ಮಾನ ಉಳಿಸಿದ್ರು. ಅವರ ಮಾನ ನಾನು ಉಳಿಸ್ಬೇಡ್ವಾ? ನಂದೇನ್ ಹೋಗ್ತದೆ ರಂಗಣ್ಣ, ಪೆಟ್ರೋಲ್ ಸಾವ್ಕಾರ್ರದು, ದೇವರು ಅವರದು, ಸುತ್ತು ಮಾತ್ರ ನಂದು."